ಜನರನ್ನು ಎಣಿಸುವ ಪ್ರಶ್ನೆ

ತೋಕಿಯೋದ ನಿಶಿಕಸಾಯಿಯಲ್ಲಿ ಸ್ವಯಂಸೇವಕರು ನಡೆಸುವ ಜಪಾನಿ ತರಗತಿಯಲ್ಲಿ ಈ ವಾರ ಎಣಿಕೆಯ ಪಾಠವಿತ್ತು. ಒಂದು, ಎರಡು, ಮೂರಕ್ಕೆ ಇಚಿ, ನಿ, ಸಾನ್ ಎಂದು ಉರು ಹೊಡೆದು ಬಂದವರ ಮುಂದೆ ತಿಂಗಳ ಮೊದಲ ಹತ್ತು ತಾರೀಖುಗಳು ಬೇರೆಯದೇ ಹೆಸರು ತೊಟ್ಟು ಬೋರ್ಡಿನ ಮೇಲೆ ನಿಂತಿದ್ದವು: ತ್ಸುಇತಾಚಿ, ಫುತ್ಸುಕಾ, ಮಿಕ್ಕಾ, ಯೊಕ್ಕಾ. ನಾಲ್ಕನೆಯ ತಾರೀಖು ಯೊಕ್ಕಾ, ಎಂಟನೆಯದು ಯೋಕಾ ಎಂಬಲ್ಲಿಗೆ ಬಂದಾಗ, ಬೆಂಗಳೂರಿನಿಂದ ಹೊಸದಾಗಿ ಬಂದಿರುವ ಸಾಫ್ಟ್‌ವೇರ್ ಹುಡುಗನೊಬ್ಬ ತಾಳ್ಮೆ ಕಳೆದುಕೊಂಡು, ಒಂದು ಅಂಕಿಗೆ ಒಂದೇ ಓದು ಸಾಲದೇ ಎಂದು ಕೇಳಿಬಿಟ್ಟ. ಚುರುಕಿನ ಹುಡುಗ; ಆದರೆ ತನಗೆ ತಿಳಿಯದ್ದೆಲ್ಲ ತರ್ಕಹೀನ ಎಂದು ಭಾವಿಸುವ ಜಾತಿಯವನು.

ಎಪ್ಪತ್ತು ದಾಟಿದ ನಮ್ಮ ಸೆನ್ಸೇ, ಅಂದರೆ ಗುರುಗಳು, ಬೇಸರಿಸಲಿಲ್ಲ. "ನಿಮ್ಮ ಭಾಷೆಯಲ್ಲಿ ಜನರನ್ನು ಹೇಗೆ ಎಣಿಸುತ್ತೀರಿ?" ಎಂದು ಕೇಳಿದರು. "ವಸ್ತುಗಳನ್ನು ಎಣಿಸಿದಂತೆಯೇ, ಒಂದು, ಎರಡು, ಮೂರು" ಎಂದು ಆತ ತಡವರಿಸದೆ ಉತ್ತರಿಸಿದ. ಪಾಠ ಶುರುವಾಗುವ ಮುನ್ನ "ಇಲ್ಲಿ ಕನ್ನಡದವರು ನಾವಿಬ್ಬರೇ ಅಲ್ವಾ ಸರ್?" ಎಂದು ನನ್ನನ್ನು ಕೇಳಿದ್ದವನೂ ಇವನೇ! ಆ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ. ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು ಎಂದು ನಾವು ಐದರವರೆಗೂ ಮನುಷ್ಯರಿಗೆ ಪ್ರತ್ಯೇಕ ಎಣಿಕೆ ಇಟ್ಟುಕೊಂಡಿದ್ದೇವೆ. ಜಪಾನಿಯರು ಹಿತೊರಿ, ಫುತಾರಿ ಎಂದು ಎರಡಕ್ಕೇ ನಿಲ್ಲಿಸಿ, ಮೂರಕ್ಕೆ ಸಾನ್ನಿನ್ ಎಂದು ಚೀನಾ ಮೂಲದ ಎಣಿಕೆಗೆ ಹೊರಳುತ್ತಾರೆ. ನಾಲ್ವರಿಗೆ ಮಾತ್ರ ಶಿನಿನ್ ಎನ್ನದೆ ಯೊನಿನ್ ಎನ್ನಬೇಕು, ಏಕೆಂದರೆ ಶಿನಿನ್ ಎಂದರೆ ಸತ್ತವನು. ಹಾಗೆಂದು ಸಾವಿನ ಸದ್ದಿಗೆ ಹೆದರಿ, ನಾಲ್ಕು ಎಂಬರ್ಥದ ಶಿಯನ್ನು ಎಲ್ಲೆಡೆಯಿಂದಲೂ ಓಡಿಸಿಲ್ಲ. ನಾಲ್ಕನೆಯ ತಿಂಗಳಾದ ಏಪ್ರಿಲ್ ಇಂದಿಗೂ ಶಿಗಾತ್ಸುವೇ.

ತಾರೀಖುಗಳ ವಿಷಯದಲ್ಲಿಯೂ ನಾವೇನು ಕಡಿಮೆಯಿಲ್ಲ. ಪಾಡ್ಯ, ಬಿದಿಗೆ, ತದಿಗೆ, ಚೌತಿ ಎಂದು ಸಂಸ್ಕೃತದಿಂದ ಬಂದ ಬೇರೊಂದು ಸಾಲನ್ನೇ ತಿಥಿಗಳಿಗೆ ಮೀಸಲಿಟ್ಟವರು ನಾವು. ನಮ್ಮಲ್ಲಿ ತಿಥಿಗೆ ಎರವಲು ಸಾಲು, ದಿನಬಳಕೆಗೆ ಮನೆಯ ಸಾಲು. ಅವರಲ್ಲಿ ದಿನಬಳಕೆಗೆ ಎರವಲು ಇಚಿ, ನಿ, ಸಾನ್, ತಾರೀಖಿಗೆ ಬಹುಪಾಲು ಮನೆಯದು. ತ್ಸುಇತಾಚಿ ಮಾತ್ರ ಎಣಿಕೆಯ ಪದವೇ ಅಲ್ಲ. ತಿಂಗಳು ಮೂಡುವುದು ಎಂಬರ್ಥದ ತ್ಸುಕಿತಾಚಿ ಸವೆದು ಹಾಗಾಗಿದೆ.

ಆ ಮನೆಯ ಸಾಲಿನಲ್ಲಿ ಒಂದು ಚೆಲುವಾದ ಕಟ್ಟಳೆ ಇದೆಯೆಂಬುದನ್ನು ಯಾವ ಪಾಠಪುಸ್ತಕವೂ ನನಗೆ ತೋರಿಸಿರಲಿಲ್ಲ. ಒಂದು ಹಿ, ಎರಡು ಫು. ಮೂರು ಮಿ, ಆರು ಮು. ನಾಲ್ಕು ಯೊ, ಎಂಟು ಯಾ. ವ್ಯಂಜನವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡು ಸ್ವರ ಬದಲಿಸಿದರೆ ಸಂಖ್ಯೆ ಇಮ್ಮಡಿಯಾಗುತ್ತದೆ. ಎಂಟನೆಯ ತಾರೀಖನ್ನು ಹಳೆಯ ಬರವಣಿಗೆಯಲ್ಲಿ ಯಾಉಕಾ ಎಂದೇ ಬರೆಯುತ್ತಿದ್ದರು. ಅದೇ ಇಂದಿನ ಯೋಕಾ. ಅಪವಾದಗಳು ಎಂಬ ತಲೆಬರಹದಡಿ ಇವನ್ನೆಲ್ಲ ತುರುಕುವ ಬದಲು ಈ ಜೋಡಿಗಳನ್ನು ಮೊದಲ ಪುಟದಲ್ಲಿಯೇ ಕೊಟ್ಟಿದ್ದರೆ ಕಲಿಯುವವರ ಅರ್ಧ ಸಿಟ್ಟು ಇಳಿಯುತ್ತಿತ್ತು. ಉಳಿದರ್ಧಕ್ಕೆ 14, 20, 24ನೆಯ ತಾರೀಖುಗಳು ಇದ್ದೇ ಇವೆ. ಹತ್ತು ದಾಟಿದ ಮೇಲೂ ಈ ಮೂರು ಹಳೆಯ ಹೆಸರುಗಳನ್ನು ಬಿಟ್ಟುಕೊಟ್ಟಿಲ್ಲ.