ಅಕಾಡೆಮಿಯಿಂದ ಲೈಸಿಯಂಗೆ: ಅರ್ಧ ನಡಿಗೆ, ಅರ್ಧ ಮೆಟ್ರೋ

ಜರ್ಮನಿಯಲ್ಲಿ ಮಗಳು ಐದನೇ ಕ್ಲಾಸಿಗೆ ಗಿಮ್ನಾಸಿಯುಮ್ ಸೇರಿದಳು ಅಂತ ಫೋನಿನಲ್ಲಿ ಹೇಳಿದಾಗ ಮೈಸೂರಿನಲ್ಲಿ ಅಮ್ಮ ಗಾಬರಿಯಾದರು. "ಇಷ್ಟು ಚಿಕ್ಕ ಮಗೂನ ಈಗಲೇ ಜಿಮ್ಮಿಗೆ ಹಾಕ್ತೀಯೇನೋ?" ಇಲ್ಲಿ ಹಾಗಂದರೆ ಹೈಸ್ಕೂಲು ಅಂತ ಬಿಡಿಸಿ ಹೇಳಿದೆ. ಆದರೆ ಕಸರತ್ತಿನ ಜಾಗಕ್ಕೂ ಪಾಠದ ಜಾಗಕ್ಕೂ ಒಂದೇ ಹೆಸರು ಯಾಕೆ? ಈಸ್ಟರ್ ರಜೆಗೆ ಅಥೆನ್ಸ್‌ಗೆ ಹೊರಟಾಗ ಆ ಪ್ರಶ್ನೆಯೂ ಜೊತೆಗೆ ಬಂತು.

ಗ್ರೀಕ್ ತತ್ವಜ್ಞಾನಿ ಪ್ಲೇಟೋ ಬರೆದ 'ಲೈಸಿಸ್' ಎಂಬ ಸಂವಾದ ಶುರುವಾಗುವುದೇ ಒಂದು ನಡಿಗೆಯಿಂದ. ಸಾಕ್ರಟೀಸ್ ಅಕಾಡೆಮಿಯಿಂದ ಹೊರಟು, ಊರ ಗೋಡೆಯ ಹೊರಗಿನ ದಾರಿಯಲ್ಲಿ ನೇರ ಲೈಸಿಯಂ ಕಡೆ ಹೋಗುತ್ತಿರುತ್ತಾನೆ. ಆಗ ಅವೆರಡೂ ಅಥೆನ್ಸ್‌ನ ಗರಡಿಗಳು, ಗ್ರೀಕರ ಮಾತಿನಲ್ಲಿ ಗಿಮ್ನಾಸಿಯೋನ್. ನಾವೂ ಹಾಗೇ ನಡೆಯೋಣ ಅಂದುಕೊಂಡೆ.

ಅಕಾಡೆಮಿ ಈಗ ಒಂದು ಪಾರ್ಕು. ಟಿಕೆಟ್ ಇಲ್ಲ, ಗಲಾಟೆ ಇಲ್ಲ. ಮರದ ನೆರಳಲ್ಲಿ ಹುಡುಗರು ಫುಟ್ಬಾಲ್ ಆಡುತ್ತಿದ್ದರು. ಗರಡಿಯದ್ದು ಅಂತ ಉಳಿದಿರುವುದು ಅಂಗಳದ ಸುತ್ತ ಅಡಿಪಾಯದ ಕಲ್ಲುಗಳು ಮಾತ್ರ. "ಇಷ್ಟೇನಾ ಅಪ್ಪ?" ಅಂದಳು ಮಗಳು. ನೀರಿಲ್ಲದ ಈ ಜಾಗಕ್ಕೆ ಕಿಮೋನ್ ಎಂಬ ಸೇನಾನಿ ನೀರು ತಂದು ಮರ ಬೆಳೆಸಿದನಂತೆ. ಪ್ಲೇಟೋ ಪಾಠ ಶುರು ಮಾಡಿದ್ದು ಆಮೇಲೆ, ಕ್ರಿ.ಪೂ. 387ರ ಸುಮಾರಿಗೆ.

ಗ್ರೀಕರ 'ಗಿಮ್ನೋಸ್' ಅಂದರೆ ಬೆತ್ತಲೆ, ಗರಡಿಯ ಹೆಸರು ಬಂದದ್ದೇ ಅದರಿಂದ. ಬಟ್ಟೆ ಕಳಚಿ, ಮೈಗೆ ಆಲಿವ್ ಎಣ್ಣೆ ಬಳಿದು, ಅಗೆದು ಮೆತ್ತಗೆ ಮಾಡಿದ ಮಣ್ಣಿನಲ್ಲಿ ಕುಸ್ತಿ. ಮುಗಿದ ಮೇಲೆ ಬಾಗಿದ ಲೋಹದ ಪಟ್ಟಿಯಿಂದ ಮೈ ಕೆರೆದುಕೊಳ್ಳಬೇಕು. ಹಾಗೆ ಬಂದ ಎಣ್ಣೆ, ಬೆವರು, ಮಣ್ಣಿನ ಜಿಡ್ಡನ್ನೂ ಬಿಸಾಡುತ್ತಿರಲಿಲ್ಲ, ಔಷಧಿಗೆ ಮಾರುತ್ತಿದ್ದರು. ಮಗಳು "ಛೀ" ಅಂದಳು.

ನನಗೆ ಹಿಂದಿನ ದಿನ ಮ್ಯೂಸಿಯಮ್ಮಿನಲ್ಲಿ ನೋಡಿದ ಒಂದು ಕಲ್ಲಿನ ಪೀಠ ನೆನಪಾಯಿತು. ಕ್ರಿ.ಪೂ. 510ರ ಸುಮಾರಿನದು. ಒಂದು ಬದಿಯಲ್ಲಿ ಕುಸ್ತಿ, ಇನ್ನೊಂದರಲ್ಲಿ ಚೆಂಡಾಟ. ಮೂರನೆಯದರಲ್ಲಿ ಇಬ್ಬರು ಯುವಕರು ಆರಾಮಾಗಿ ಕೂತು ನಾಯಿಗೂ ಬೆಕ್ಕಿಗೂ ಜಗಳ ಹಚ್ಚಿದ್ದಾರೆ, ಮತ್ತಿಬ್ಬರು ಕೋಲಿಗೆ ಒರಗಿ ಮಜಾ ನೋಡುತ್ತಿದ್ದಾರೆ! ಅಲ್ಲೇ ನನಗೆ ಉತ್ತರ ಸಿಕ್ಕಿತ್ತು. ಇದು ಬರೀ ಗರಡಿಯಲ್ಲ, ಅರಳಿಕಟ್ಟೆ ಕೂಡ. ಕೆಲಸವಿಲ್ಲದ ಹುಡುಗರು ದಿನವಿಡೀ ಸುಮ್ನೆ ಸೇರುವ ಜಾಗ. ಮಾತು ಬೇಕಾದವರು ಅಲ್ಲಿಗೇ ಬರಬೇಕು, ಅಲ್ವಾ? ಸಾಕ್ರಟೀಸ್ ಬಂದ, ಪಾಠ ಹೇಳುವವರೂ ಬಂದರು. ನಮ್ಮ ಮೈಸೂರಿನ ಗರಡಿಮನೆಗಳಲ್ಲಿ ಕುಸ್ತಿಯ ಪಟ್ಟುಗಳ ಬಗ್ಗೆ ಬಿಸಿಬಿಸಿ ವಾದ ಕೇಳಿದ್ದೇನೆ, ತತ್ವಶಾಸ್ತ್ರದ್ದಂತೂ ಇಲ್ಲ.

ಕೆರಮೈಕೋಸ್ ತಲುಪುವಷ್ಟರಲ್ಲಿ ಮಗಳ ಕಾಲು ಸೋತಿತು. ಬಿಸಿಲೂ ಜಾಸ್ತಿ. ಮೆಟ್ರೋ ಹತ್ತಿದೆವು. ನಾಚಿಕೆಯೇನೂ ಆಗಲಿಲ್ಲ. ಆ ದಿನ ಸಾಕ್ರಟೀಸನನ್ನೂ ದಾರಿಯಲ್ಲೇ ಹುಡುಗರು ತಡೆದು ಹೊಸದೊಂದು ಗರಡಿಗೆ ಕರೆದೊಯ್ದಿದ್ದರು.

ಎವಂಗೆಲಿಸ್ಮೋಸ್‌ನಲ್ಲಿ ಇಳಿದರೆ ಲೈಸಿಯಂ ಹತ್ತಿರವೇ. 1996ರಲ್ಲಿ ಹೊಸ ಮ್ಯೂಸಿಯಂ ಕಟ್ಟಲು ಅಗೆದಾಗ ಸಿಕ್ಕಿದ್ದು. ತಗ್ಗು ಗೋಡೆಗಳು, ಸ್ನಾನದ ತೊಟ್ಟಿ, ಸುತ್ತ ಲ್ಯಾವೆಂಡರ್ ಗಿಡಗಳು. ಅರಿಸ್ಟಾಟಲ್ ಇಲ್ಲಿ ಪಾಠ ಶುರು ಮಾಡಿದ್ದು ಕ್ರಿ.ಪೂ. 335ರಲ್ಲಿ. ಕ್ರಿ.ಪೂ. 87-86ರಲ್ಲಿ ರೋಮಿನ ಸೇನಾನಿ ಸುಲ್ಲಾ ಊರಿಗೆ ಮುತ್ತಿಗೆ ಹಾಕಿದಾಗ ಇಲ್ಲಿಯ ಮರಗಳನ್ನೂ ಅಕಾಡೆಮಿಯ ಮರಗಳನ್ನೂ ಕಡಿಸಿ ಯುದ್ಧದ ಯಂತ್ರ ಮಾಡಿಸಿದ.

"ಹುಡುಗಿಯರು ಎಲ್ಲಿ ಆಡ್ತಿದ್ರು?" ಮಗಳು ಕೇಳಿದಳು.

ಅಥೆನ್ಸ್‌ನಲ್ಲಿ ಹುಡುಗಿಯರಿಗೆ ಇಲ್ಲಿ ಜಾಗವಿರಲಿಲ್ಲ, ಗುಲಾಮರಿಗೆ ಕಾನೂನೇ ಬಿಡುತ್ತಿರಲಿಲ್ಲ ಅಂದೆ. ಸ್ಪಾರ್ಟಾದಲ್ಲಾದರೆ ಹುಡುಗಿಯರೂ ಓಡುತ್ತಿದ್ದರು, ಕುಸ್ತಿ ಆಡುತ್ತಿದ್ದರು.

"ಹಂಗಾದ್ರೆ ನಾಳೆ ಸ್ಪಾರ್ಟಾಗೆ ಹೋಗೋಣ" ಅಂದಳು. ಕಾಲು ನೋವು ಎಲ್ಲಿ ಹೋಯಿತೋ!