ಹುರುಳಿಕಾಳಿನ ಪ್ರೋಟೀನ್ ದಕ್ಕುವುದು ಹೇಗೆ

100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಈ ಅಂಕಿ ಬಹಳ ಜನರಿಗೆ ಗೊತ್ತು. ಅದರಲ್ಲಿ ಮೈಗೆ ದಕ್ಕುವುದೆಷ್ಟು ಎಂದು ಕೇಳುವವರು ಕಡಿಮೆ. ಆ ಲೆಕ್ಕ ಅರ್ಧ ಅಡುಗೆಮನೆಯಲ್ಲಿ ತೀರ್ಮಾನವಾಗುತ್ತದೆ, ಇನ್ನರ್ಧ ಕರುಳಿನಲ್ಲಿ. ಕರುಳಿನಲ್ಲಿ ನಡೆಯುವುದನ್ನು ಮೊದಲು ನೋಡಿದರೆ ಒಲೆಯ ಮುಂದೆ ಏನು ಮಾಡಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಉದ್ದನೆಯ ಸರ. ಮಣಿಗಳು 20 ಬಗೆಯವು, ಒಂದೊಂದು ಸರದಲ್ಲಿ ಸಾಮಾನ್ಯವಾಗಿ ನೂರಾರು ಮಣಿ. ಮಣಿಗೂ ಮಣಿಗೂ ನಡುವಿನ ಗಂಟೇ ಪೆಪ್ಟೈಡ್ ಬಂಧ. ಈ ಸರ ಚಾಚಿಕೊಂಡಿರುವುದಿಲ್ಲ. ಸುತ್ತಿ, ಮಡಚಿ, ಉಂಡೆಯಾಗಿರುತ್ತದೆ. ಕರುಳಿನ ಗೋಡೆ ಒಳಬಿಟ್ಟುಕೊಳ್ಳುವುದು ಬಿಡಿ ಮಣಿಗಳನ್ನು, ಹೆಚ್ಚೆಂದರೆ ಎರಡು ಮೂರು ಮಣಿಗಳ ತುಣುಕುಗಳನ್ನು. ಅಷ್ಟು ಚೂರಾಗುವವರೆಗೆ ಕಾಳಿನ ಪ್ರೋಟೀನ್ ಕಾಳಿನದ್ದೇ, ನಮ್ಮದಲ್ಲ.

ಇಲ್ಲೊಂದು ತೊಡಕಿದೆ. ಈ ಗಂಟುಗಳನ್ನು ಕತ್ತರಿಸುವ ಕಿಣ್ವಗಳನ್ನು ತಯಾರಿಸುವ ಜೀವಕೋಶಗಳಲ್ಲೂ ಇರುವುದು ಪ್ರೋಟೀನೇ. ಹರಿತವಾದ ಕತ್ತಿಯನ್ನು ಒರೆಯಿಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸೊಂಟವೇ ಕೊಯ್ಯುತ್ತದೆ. ಆದ್ದರಿಂದ ಜಠರದ ಮತ್ತು ಮೇದೋಜೀರಕ ಗ್ರಂಥಿಯ ಪ್ರೋಟೀನ್ ಕಿಣ್ವಗಳೆಲ್ಲ ಒರೆಯೊಳಗಿರುವಂತೆ, ಕೆಲಸ ಮಾಡದ ರೂಪದಲ್ಲಿ ಹುಟ್ಟುತ್ತವೆ. ಸೇರಬೇಕಾದ ಜಾಗ ಸೇರಿದ ಮೇಲಷ್ಟೇ ಒರೆ ಕಳಚುತ್ತದೆ. ಈ ಒರೆ ಎಲ್ಲಿ, ಯಾವುದರಿಂದ ಕಳಚುತ್ತದೆ ಎಂಬುದನ್ನು ಹಿಡಿದು ನಡೆದರೆ ಪ್ರೋಟೀನ್ ಜೀರ್ಣವಾಗುವ ದಾರಿ ಪೂರ್ತಿ ಕಾಣುತ್ತದೆ.

ಬಾಯಲ್ಲಿ ಪ್ರೋಟೀನಿಗೆ ಹೇಳಿಕೊಳ್ಳುವಂಥ ಕಿಣ್ವವಿಲ್ಲ. ಜೊಲ್ಲಿನ ಅಮೈಲೇಸ್ ಕೆಲಸ ಮಾಡುವುದು ಪಿಷ್ಟದ ಮೇಲೆ. ಆದರೂ ಅಗಿಯುವುದು ಮುಖ್ಯ: ಕಾಳಿನ ಕೋಶಗೋಡೆ ಒಡೆಯದಿದ್ದರೆ ಮುಂದೆ ಬರುವ ಕಿಣ್ವಗಳಿಗೆ ಒಳಗಿನ ಪ್ರೋಟೀನ್ ಸಿಗುವುದೇ ಇಲ್ಲ. ಇಡಿಯಾಗಿ ನುಂಗಿದ ಕಾಳು ಬಹುಮಟ್ಟಿಗೆ ಇಡಿಯಾಗಿಯೇ ಹೊರಬೀಳುತ್ತದೆ.

ಬರಿಹೊಟ್ಟೆಯಲ್ಲಿ ಜಠರದ ಪಿ.ಎಚ್. (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 1.5ರಿಂದ 2ರ ಆಸುಪಾಸು. ಊಟ ಬಿದ್ದಾಗ ಆಹಾರವೇ ಒಂದಷ್ಟು ಆಮ್ಲವನ್ನು ಹೀರಿಕೊಳ್ಳುವುದರಿಂದ ಅದು 4–5ಕ್ಕೆ ಏರಿ, ನಿಧಾನವಾಗಿ ಮತ್ತೆ ಇಳಿಯುತ್ತದೆ. ಈ ಹೈಡ್ರೋಕ್ಲೋರಿಕ್ ಆಮ್ಲ ಪ್ರೋಟೀನಿನ ಉಂಡೆಯನ್ನು ಬಿಚ್ಚಿ ಸರವನ್ನು ಹೊರಗೆಳೆಯುತ್ತದೆ. ಜೊತೆಗೆ ಪೆಪ್ಸಿನೋಜೆನ್ ಎಂಬ ನಿದ್ರಿಸುತ್ತಿರುವ ಕಿಣ್ವದ ಒರೆಯನ್ನು, ಅಂದರೆ ನಲವತ್ತಕ್ಕೂ ಹೆಚ್ಚು ಮಣಿಗಳ ಒಂದು ತುಂಡನ್ನು, ಕಳಚಿಸುತ್ತದೆ. ಉಳಿದದ್ದೇ ಪೆಪ್ಸಿನ್. ಜರ್ಮನ್ ವಿಜ್ಞಾನಿ ಥಿಯೊಡೋರ್ ಶ್ವಾನ್ 1836ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಫಿನೈಲಅಲನಿನ್, ಟೈರೋಸಿನ್, ಲ್ಯೂಸಿನ್‌ನಂಥ ಮಣಿಗಳ ಪಕ್ಕದ ಗಂಟುಗಳೆಂದರೆ ಪೆಪ್ಸಿನ್‌ಗೆ ಇಷ್ಟ. ಮಾಂಸದ ನಾರಿನಲ್ಲಿರುವ ಕೊಲಾಜೆನ್ ಮೇಲೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರೋಟೀನ್ ಜೀರ್ಣವಾಗುವುದು ಹೊಟ್ಟೆಯಲ್ಲಿ ಎಂದು ಶಾಲೆಯಲ್ಲಿ ಕಲಿತದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ವಾಸ್ತವದಲ್ಲಿ ಪೆಪ್ಸಿನ್ ಮಾಡುವುದು ಒಟ್ಟು ಕೆಲಸದ 10ರಿಂದ 20 ಶೇಕಡಾ ಮಾತ್ರ. ಜಠರವನ್ನು ಪೂರ್ತಿ ತೆಗೆಸಿಕೊಂಡವರಿಗೂ ಪ್ರೋಟೀನ್ ಜೀರ್ಣವಾಗುತ್ತದೆ.

ಊಟದ ನಡುವೆ ನೀರು ಕುಡಿದರೆ ಜಠರದ ಆಮ್ಲ ತೆಳುವಾಗಿ ಜೀರ್ಣ ಕೆಡುತ್ತದೆ ಎಂಬ ಮಾತನ್ನೂ ಇಲ್ಲೇ ಅಳೆದು ನೋಡಬಹುದು. ಪಿ.ಎಚ್. 2 ಇರುವ ದ್ರವಕ್ಕೆ ಅಷ್ಟೇ ಪ್ರಮಾಣದ ನೀರು ಬೆರೆಸಿದರೆ ಅದು ಏರುವುದು 2.3ಕ್ಕೆ. ಪೆಪ್ಸಿನ್‌ಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಜಠರ ಇನ್ನಷ್ಟು ಆಮ್ಲವನ್ನೂ ಸುರಿಸುತ್ತದೆ. ಲೋಟ ನೀರಿಗೋ ಮಜ್ಜಿಗೆಗೋ ಹೆದರಬೇಕಾಗಿಲ್ಲ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಗಳ ಮಾತು ಬೇರೆ. ಅವು ದಿನದ ಬಹುಪಾಲು ಪಿ.ಎಚ್. ಅನ್ನು 4ರ ಮೇಲಿಡಬಲ್ಲವು, ಆಗ ಪೆಪ್ಸಿನ್ ಮಂಕಾಗುತ್ತದೆ. ಪ್ರೋಟೀನಿನ ನಷ್ಟವನ್ನು ಕರುಳು ತುಂಬಿಕೊಡುತ್ತದೆ, ಬಿ12ರ ನಷ್ಟವನ್ನು ಅಷ್ಟು ಸುಲಭವಾಗಿ ತುಂಬಲಾಗದು. ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುವ ಬಿ12 ಬಿಡಿಸಿಕೊಳ್ಳುವುದೇ ಆಮ್ಲ ಮತ್ತು ಪೆಪ್ಸಿನ್ ನೆರವಿನಿಂದ. ಹಾಲು, ಮೊಸರು ಬಿಟ್ಟರೆ ಬಿ12ಕ್ಕೆ ಬೇರೆ ಮೂಲವಿಲ್ಲದ ಸಸ್ಯಾಹಾರಿಗಳು ಈ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿದ್ದರೆ ರಕ್ತದಲ್ಲಿ ಬಿ12 ಮಟ್ಟ ಪರೀಕ್ಷಿಸಿಕೊಳ್ಳಲೇಬೇಕು.

ಇನ್ನು ಸಣ್ಣ ಕರುಳಿನ ಮೊದಲ ಗೇಣುದ್ದ, ಡುವೊಡಿನಮ್. ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಜಠರದಿಂದ ಹುಳಿಯಾದ ಗಂಜಿ ಇಳಿಯುತ್ತಿದ್ದಂತೆ ಕರುಳಿನ ಗೋಡೆ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಹುಳಿ ಕಂಡು ಹೊರಡುವುದು ಸೆಕ್ರೆಟಿನ್; ಅದು ಮೇದೋಜೀರಕದಿಂದ ಬೈಕಾರ್ಬೊನೇಟ್ ಸುರಿಸಿ ಆಮ್ಲವನ್ನು ತಣಿಸುತ್ತದೆ. ಹಾರ್ಮೋನು ಎಂಬ ಕಲ್ಪನೆಯೇ ಇದರಿಂದ ಹುಟ್ಟಿದ್ದು, 1902ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಡೆಸಿದ ಪ್ರಯೋಗದಿಂದ. ಕೊಬ್ಬು ಮತ್ತು ಪ್ರೋಟೀನಿನ ತುಣುಕುಗಳನ್ನು ಕಂಡು ಹೊರಡುವುದು ಕೊಲೆಸಿಸ್ಟೊಕೈನಿನ್; ಅದು ಕಿಣ್ವಗಳನ್ನು ಕರೆತರುತ್ತದೆ. ಪೆಪ್ಸಿನ್‌ನ ಆಟ ಇಲ್ಲಿಗೆ ಮುಗಿಯಿತು. ಆಮ್ಲ ಹೋದ ಜಾಗದಲ್ಲಿ ಅದು ಬದುಕುವುದಿಲ್ಲ.

ಮೇದೋಜೀರಕ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ರಸ ಸುರಿಸುತ್ತದೆ. ಅದರಲ್ಲಿ ಬರುವ ಟ್ರಿಪ್ಸಿನೋಜೆನ್, ಕೈಮೋಟ್ರಿಪ್ಸಿನೋಜೆನ್, ಪ್ರೊಎಲಾಸ್ಟೇಸ್, ಎರಡು ಬಗೆಯ ಪ್ರೊಕಾರ್ಬಾಕ್ಸಿಪೆಪ್ಟಿಡೇಸ್, ಎಲ್ಲವೂ ಒರೆಯೊಳಗೇ ಇವೆ. ಮೊದಲ ಒರೆ ಕಳಚುವ ಕಿಣ್ವ ಮೇದೋಜೀರಕದಲ್ಲಿ ಇಲ್ಲ, ಇರುವುದು ಡುವೊಡಿನಮ್‌ನ ಗೋಡೆಯಲ್ಲಿ. ಅದು ಎಂಟರೋಕೈನೇಸ್. 1899ರಲ್ಲಿ ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ಪ್ರಯೋಗಾಲಯದಲ್ಲಿ ಶೆಪೊವಾಲ್ನಿಕೋವ್ ಇದನ್ನು ಕಂಡುಹಿಡಿದರು. ಪಾವ್ಲೋವ್ ಇದನ್ನು ಕಿಣ್ವಗಳ ಕಿಣ್ವ ಎಂದರು. ಮನುಷ್ಯರ ಟ್ರಿಪ್ಸಿನೋಜೆನ್ ತುದಿಯಲ್ಲಿ ಎಂಟು ಮಣಿಗಳ ಬಾಲವಿದೆ. ಅದರ ಕೊನೆಗೆ ಸಾಲಾಗಿ ನಾಲ್ಕು ಆಸ್ಪಾರ್ಟಿಕ್ ಆಮ್ಲ, ಆಮೇಲೆ ಒಂದು ಲೈಸಿನ್. ಈ ಗುರುತು ಕಂಡರೆ ಎಂಟರೋಕೈನೇಸ್ ಅಲ್ಲಿಗೇ ಕತ್ತರಿ ಹಾಕುತ್ತದೆ. ಟ್ರಿಪ್ಸಿನ್ ಹೊರಬರುತ್ತದೆ. ಆಮೇಲೆ ಟ್ರಿಪ್ಸಿನ್ನೇ ಉಳಿದೆಲ್ಲದರ ಒರೆ ಕಳಚುತ್ತದೆ. ಇಡೀ ವ್ಯವಸ್ಥೆ ಒಂದೇ ಕಿಣ್ವದ ಮೇಲೆ ನಿಂತಿದೆ: ಹುಟ್ಟಿನಿಂದಲೇ ಎಂಟರೋಕೈನೇಸ್ ಇಲ್ಲದ ಶಿಶುಗಳು ತೀರಾ ಅಪರೂಪ, ಅಂಥ ಮಕ್ಕಳು ಭೇದಿಯಿಂದ ಬಳಲುತ್ತಾರೆ, ಮೈ ಹಿಡಿಯುವುದಿಲ್ಲ.

ಒಂದೊಂದು ಕತ್ತಿಗೂ ತನ್ನದೇ ಆಯ್ಕೆ ಇದೆ. ಟ್ರಿಪ್ಸಿನ್ ಲೈಸಿನ್ ಮತ್ತು ಆರ್ಜಿನಿನ್ ಆದಮೇಲಿನ ಗಂಟನ್ನು ಕತ್ತರಿಸುತ್ತದೆ, ಕೈಮೋಟ್ರಿಪ್ಸಿನ್ ಫಿನೈಲಅಲನಿನ್, ಟೈರೋಸಿನ್, ಟ್ರಿಪ್ಟೊಫಾನ್ ಆದಮೇಲಿನದ್ದನ್ನು. ಅಲನಿನ್, ಗ್ಲೈಸಿನ್‌ನಂಥ ಚಿಕ್ಕ ಮಣಿಗಳ ಬಳಿಯದು ಎಲಾಸ್ಟೇಸ್ ಪಾಲಿಗೆ. ಈ ಮೂರೂ ಸರದ ನಡುವೆ ಕೈ ಹಾಕಿದರೆ, ಕಾರ್ಬಾಕ್ಸಿಪೆಪ್ಟಿಡೇಸ್‌ಗಳು ತುಂಡುಗಳ ಒಂದು ತುದಿಯಿಂದ ಒಂದೊಂದೇ ಮಣಿ ಕಳಚುತ್ತ ಬರುತ್ತವೆ. ಇಷ್ಟಾದರೂ ಗೋಧಿಯ ಗ್ಲುಟೆನ್‌ನಲ್ಲಿ ಪ್ರೋಲಿನ್ ಹೆಚ್ಚಿರುವ 33 ಮಣಿಗಳ ಒಂದು ತುಂಡು ಯಾವುದಕ್ಕೂ ಬಗ್ಗುವುದಿಲ್ಲ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಬಲವಾಗಿ ಕೆರಳಿಸುವುದು ಇದೇ ತುಂಡು.

ಒರೆ ಮೇದೋಜೀರಕದೊಳಗೇ ಕಳಚಿದರೆ? ಆಗ ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಅದೇ ಪ್ಯಾಂಕ್ರಿಯಾಟೈಟಿಸ್. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ತೀವ್ರ ನೋವು, ಬಿಡದ ವಾಂತಿ ಇದರ ಲಕ್ಷಣ. ಪಿತ್ತಕೋಶದ ಕಲ್ಲು ಮತ್ತು ಮದ್ಯ ಇದಕ್ಕೆ ದೊಡ್ಡ ಕಾರಣಗಳು. ಇಂಥ ನೋವನ್ನು ಗ್ಯಾಸ್ಟ್ರಿಕ್ ಎಂದು ಮನೆಯಲ್ಲಿ ಸಹಿಸಿಕೊಂಡು ಕೂರಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಕಸ್ಮಾತ್ ಒಂದಿಷ್ಟು ಟ್ರಿಪ್ಸಿನ್ ಎಚ್ಚರಗೊಂಡರೆ ಹಿಡಿದು ಕಟ್ಟಿಹಾಕಲು ಗ್ರಂಥಿಯಲ್ಲಿ ಸ್ಪಿಂಕ್1 ಎಂಬ ಕಾವಲು ಪ್ರೋಟೀನ್ ಇದೆ. ದಕ್ಷಿಣ ಭಾರತದಲ್ಲಿ ಎಳೆಯ ವಯಸ್ಸಿನವರಲ್ಲೇ ಮೇದೋಜೀರಕದಲ್ಲಿ ಕಲ್ಲು ಕಟ್ಟುವ ಉಷ್ಣವಲಯದ ಪ್ಯಾಂಕ್ರಿಯಾಟೈಟಿಸ್ ಇರುವ ಅನೇಕರಲ್ಲಿ ಈ ಕಾವಲುಗಾರನ ಜೀನ್‌ನಲ್ಲೇ ವ್ಯತ್ಯಾಸ ಕಂಡುಬಂದಿದೆ.

ಕೊನೆಯ ಕತ್ತರಿಗಳು ಕರುಳಿನ ಗೋಡೆಗೆ ಅಂಟಿಕೊಂಡಿವೆ. ಅಮೈನೊಪೆಪ್ಟಿಡೇಸ್ ಮುಂತಾದವು ತುಣುಕುಗಳನ್ನು ಇನ್ನಷ್ಟು ಸಣ್ಣದಾಗಿಸುತ್ತವೆ. ಬಿಡಿ ಮಣಿಗಳಲ್ಲಿ ಹೆಚ್ಚಿನವು ಸೋಡಿಯಂ ಜೊತೆಗೂಡಿ ಒಳಹೋಗುತ್ತವೆ. ಎರಡು ಮೂರು ಮಣಿಗಳ ತುಣುಕುಗಳಿಗೆ ಪೆಪ್ಟ್1 ಎಂಬ ಬೇರೆಯದೇ ಬಾಗಿಲಿದೆ, ಅವು ಹೋಗುವುದು ಹೈಡ್ರೊಜನ್ ಅಯಾನಿನ ಜೊತೆ. ಕೋಶದೊಳಗೆ ಅವೂ ಬಿಡಿಯಾಗಿ, ರಕ್ತದ ಮೂಲಕ ಯಕೃತ್ತಿಗೆ ಸೇರುತ್ತವೆ.

ಈಗ ಹುರುಳಿಗೆ ಬರೋಣ. ತನ್ನನ್ನು ತಿನ್ನುವ ಪ್ರಾಣಿಯ ಕತ್ತಿಯನ್ನು ಮೊಂಡು ಮಾಡುವ ಉಪಾಯ ಕಾಳಿಗೂ ಗೊತ್ತು. ಹುರುಳಿಯಲ್ಲಿ ಬೌಮನ್–ಬಿರ್ಕ್ ಬಗೆಯ ತಡೆ ಪ್ರೋಟೀನ್‌ಗಳಿವೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಇವುಗಳ ಮೇಲೆ ವಿವರವಾದ ಸಂಶೋಧನೆ ನಡೆದಿದೆ. ಎಂಬತ್ತು ಮಣಿಗಳೊಳಗಿನ ಪುಟ್ಟ ಪ್ರೋಟೀನ್ ಇದು. ಒಂದು ತಲೆಯಿಂದ ಟ್ರಿಪ್ಸಿನ್ ಅನ್ನೂ ಇನ್ನೊಂದು ತಲೆಯಿಂದ ಕೈಮೋಟ್ರಿಪ್ಸಿನ್ ಅನ್ನೂ ಕಚ್ಚಿ ಹಿಡಿಯುತ್ತದೆ. ಗಂಧಕದ ಏಳು ಸೇತುವೆಗಳು ಅದನ್ನು ಬಿಗಿದಿರುವುದರಿಂದ ಸಾಧಾರಣ ಬಿಸಿಗೆ ಬಗ್ಗುವುದಿಲ್ಲ. ಹಸಿ ಸೋಯಾ ತಿನ್ನಿಸಿದ ಇಲಿ, ಕೋಳಿಮರಿಗಳಲ್ಲಿ ಮೇದೋಜೀರಕ ದಪ್ಪಗಾಗುವುದು ಇಂಥದೇ ತಡೆಗಳಿಂದ: ಟ್ರಿಪ್ಸಿನ್ ಸಾಲುತ್ತಿಲ್ಲವೆಂದು ಕರುಳು ಮತ್ತೆ ಮತ್ತೆ ಕರೆ ಕಳಿಸುತ್ತದೆ, ಗ್ರಂಥಿ ದುಡಿದು ದುಡಿದು ಬೆಳೆಯುತ್ತದೆ. ನಮ್ಮ ರಾಗಿಯಲ್ಲೂ ಅಮೈಲೇಸ್, ಟ್ರಿಪ್ಸಿನ್ ಎರಡನ್ನೂ ಹಿಡಿಯುವ ಒಂದು ತಡೆ ಪ್ರೋಟೀನ್ ಇದೆ.

ಹುರುಳಿಯನ್ನು ತೊಳೆದು ಮೂರರಷ್ಟು ನೀರಿನಲ್ಲಿ 8ರಿಂದ 12 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿಬಿಡಿ. ಸಿಪ್ಪೆಯ ಟ್ಯಾನಿನ್ ಮತ್ತು ತಡೆಗಳ ಒಂದು ಪಾಲು ಅದರೊಂದಿಗೆ ಹೋಗುತ್ತದೆ. ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಕುಕ್ಕರ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಮೇಲೇರದು. ಕುಕ್ಕರ್ ಒಳಗೆ 115–120 ಡಿಗ್ರಿ ಸಿಗುತ್ತದೆ. ಮೊದಲ ಸೀಟಿಯ ನಂತರ ಉರಿ ತಗ್ಗಿಸಿ 15ರಿಂದ 20 ನಿಮಿಷ ಬೇಯಿಸಿ. ಬೆರಳಲ್ಲಿ ಹಿಸುಕಿದರೆ ನಡುವೆ ಕಣ ಸಿಗದೆ ಹಿಟ್ಟಾಗಬೇಕು. ಹಳೆಯ ದಾಸ್ತಾನು ಕಾಳಾದರೆ, ಗಡಸು ನೀರಾದರೆ ಹೆಚ್ಚು ಹೊತ್ತು ಬೇಕು. ಬೇಗ ಬೇಯಲಿ ಎಂದು ಅಡುಗೆ ಸೋಡಾ ಹಾಕಿದರೆ ಬಿ1 ಜೀವಸತ್ವ ಹಾಳಾಗುತ್ತದೆ.

ಬಸಿದ ಕಟ್ಟಿನ ಸಾರು ರುಚಿಯೇನೋ ಹೌದು, ಆದರೆ ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ಕಾಯಿಲೆಯಿಂದ ಎದ್ದವರಿಗೆ ಬರಿ ಕಟ್ಟು ಕುಡಿಸಿ ಪ್ರೋಟೀನ್ ಕೊಟ್ಟೆವೆಂದುಕೊಳ್ಳುವುದು ತಪ್ಪು. ಬೆಂದ ಕಾಳನ್ನು ನುಣ್ಣಗೆ ರುಬ್ಬಿ ಸಾರಿಗೇ ಸೇರಿಸಿ.

ಬೇಯಿಸಿದರೆ ಎಷ್ಟು ಹೆಚ್ಚು ದಕ್ಕುತ್ತದೆ ಎಂಬ ಲೆಕ್ಕ ಮೊಟ್ಟೆಯಲ್ಲಿ ಇನ್ನೂ ಸ್ಪಷ್ಟ. ಸಣ್ಣ ಕರುಳಿನ ತುದಿಯನ್ನು ಶಸ್ತ್ರಕ್ರಿಯೆಯಿಂದ ಹೊರಗೆ ತೆರೆದಿದ್ದ 5 ಮಂದಿಯಲ್ಲಿ ಬೆಲ್ಜಿಯಂನ ಸಂಶೋಧಕರು ಅಳೆದು 1998ರಲ್ಲಿ ಪ್ರಕಟಿಸಿದ್ದು ಇದು: ಬೆಂದ ಮೊಟ್ಟೆಯ ಪ್ರೋಟೀನ್ ಸುಮಾರು 91 ಶೇಕಡಾ ಜೀರ್ಣವಾಯಿತು, ಹಸಿಯದ್ದು ಸುಮಾರು 51. ವ್ಯಾಯಾಮದ ಹುಡುಗರು ಹಸಿ ಮೊಟ್ಟೆ ಒಡೆದು ಕುಡಿಯುವುದನ್ನು ಬಿಡಬೇಕು. ದುಡ್ಡೂ ಅರ್ಧ ವ್ಯರ್ಥ, ಸಾಲ್ಮೊನೆಲ್ಲಾ ಅಪಾಯ ಬೇರೆ. ಟ್ರಿಪ್ಸಿನ್ ತಡೆ ಗಿಣ್ಣುಹಾಲಿನಲ್ಲೂ ಇದೆ, ಅಲ್ಲಿ ಮಾತ್ರ ಅದಕ್ಕೊಂದು ಒಳ್ಳೆಯ ಉದ್ದೇಶವಿದೆ: ತಾಯಿಯ ಪ್ರತಿಕಾಯಗಳು ಕರುವಿನ ಕರುಳಲ್ಲಿ ಚೂರಾಗದೆ ಇಡಿಯಾಗಿ ರಕ್ತ ಸೇರಲಿ ಎಂದು.

ಕಾಳು ತಿಂದಮೇಲೆ ಹೊಟ್ಟೆ ಉಬ್ಬುವುದಕ್ಕೆ ಮುಖ್ಯ ಕಾರಣ ಪ್ರೋಟೀನ್ ಅಲ್ಲ, ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳು. ಅವನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಲ್ಲಿದೆ. ಇದಕ್ಕಾಗಿ ಪೆಪ್ಸಿನ್ ಬೆರೆತ ಸಿರಪ್ ಕುಡಿಯುವುದರಲ್ಲಿ ಅರ್ಥವಿಲ್ಲ.

ಕಿಣ್ವ ನಿಜವಾಗಿ ಕೊರತೆಯಾಗುವುದು ಮೇದೋಜೀರಕ ಕೆಟ್ಟಾಗ. ಶಕ್ತಿಯ 90 ಶೇಕಡಾ ಹೋಗುವವರೆಗೆ ಅದು ಹೇಗೋ ನಿಭಾಯಿಸುತ್ತದೆ. ಆಮೇಲೆ ಜಿಡ್ಡಾದ, ನಾರುವ, ತೊಳೆದರೂ ಹೋಗದ ಮಲ, ತೂಕ ಇಳಿಕೆ. ಪರೀಕ್ಷೆ ಸರಳ: ಎಲಾಸ್ಟೇಸ್ ಕರುಳಿನುದ್ದಕ್ಕೂ ಹೆಚ್ಚು ಹಾಳಾಗದೆ ಮಲದಲ್ಲಿ ಉಳಿಯುವುದರಿಂದ ಅದನ್ನೇ ಅಳೆಯುತ್ತಾರೆ. ಗ್ರಾಂಗೆ 200 ಮೈಕ್ರೊಗ್ರಾಂ ಮೇಲಿದ್ದರೆ ಸಾಮಾನ್ಯ, 100ಕ್ಕಿಂತ ಕೆಳಗಿದ್ದರೆ ತೀವ್ರ ಕೊರತೆ. ನೀರಾದ ಭೇದಿಯ ದಿನ ಮಾದರಿ ಕೊಟ್ಟರೆ ಸುಳ್ಳೇ ಕಡಿಮೆ ತೋರಿಸುತ್ತದೆ.

ಕೊರತೆ ಇರುವವರಿಗೆ ಮೇದೋಜೀರಕದ ಕಿಣ್ವಗಳಿರುವ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ಕೊಡುತ್ತಾರೆ. ಪ್ರಮಾಣವನ್ನು ಅದರಲ್ಲಿರುವ, ಕೊಬ್ಬು ಒಡೆಯುವ ಕಿಣ್ವವಾದ ಲೈಪೇಸ್‌ನ ಯೂನಿಟ್‌ನಲ್ಲಿ ಅಳೆಯುತ್ತಾರೆ. ದೊಡ್ಡವರಿಗೆ ಊಟವೊಂದಕ್ಕೆ ಸಾಮಾನ್ಯವಾಗಿ 40,000–50,000, ತಿಂಡಿಗೆ ಅದರ ಅರ್ಧ, ಆಮೇಲೆ ವೈದ್ಯರು ಹೊಂದಿಸುತ್ತಾರೆ. ಕೆಲಸ ಮಾಡಲಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ನುಂಗುವ ಹೊತ್ತಿನ ತಪ್ಪು. ಊಟಕ್ಕೆ ಅರ್ಧ ಗಂಟೆ ಮುಂಚೆ ಅಥವಾ ಕೈ ತೊಳೆದ ಮೇಲೆ ನುಂಗಿದರೆ ಕಿಣ್ವ ಒಂದು ಕಡೆ, ಅನ್ನ ಒಂದು ಕಡೆ. ಮೊದಲ ತುತ್ತಿನ ಜೊತೆ ಒಂದು, ನಡುವೆ ಇನ್ನೊಂದು ನುಂಗಬೇಕು. ಒಳಗಿನ ಗುಳಿಗೆಗಳ ಲೇಪ ಪಿ.ಎಚ್. 5.5ರ ಸುಮಾರಿಗೆ ಕರಗುವಂಥದ್ದು, ಅಗಿದರೆ ಲೇಪ ಒಡೆದು ಜಠರದ ಆಮ್ಲದಲ್ಲೇ ಕಿಣ್ವ ಸಾಯುತ್ತದೆ. ನುಂಗಲಾಗದವರು ಕ್ಯಾಪ್ಸೂಲ್ ಬಿಚ್ಚಿ ಗುಳಿಗೆಗಳನ್ನು ಹುಳಿಯಿರುವ ಹಣ್ಣಿನ ತಿರುಳಿನಲ್ಲಿ ಬೆರೆಸಿ ಕೂಡಲೇ ನುಂಗಬಹುದು. ಬಿಸಿ ಸಾರು, ಕಾಫಿಗೆ ಹಾಕಬಾರದು. ಡಬ್ಬಿಯನ್ನು 25 ಡಿಗ್ರಿಯೊಳಗೆ ಇಡಬೇಕು ಎಂದು ಬರೆದಿದ್ದರೆ, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದನ್ನು ಮನೆಯ ತಂಪಾದ ಮೂಲೆಯಲ್ಲಿಡಿ. ನಿಲ್ಲಿಸಿದ ಕಾರಿನಲ್ಲಿ ಒಂದು ಮಧ್ಯಾಹ್ನ ಮರೆತು ಬಿಟ್ಟ ಡಬ್ಬಿಯನ್ನು ನಂಬಬೇಡಿ.