ಕಿಟಕಿಯ ರಾಜ

ಎರಡು ವರ್ಷದ ಹಿಂದೆ ಸಪ್ತಾಪುರದ ಗೆಳತಿ ರೆಕ್ಸ್ ಬಿಗೋನಿಯಾ ಅನ್ನೋ ಬಣ್ಣದೆಲೆಯ ಗಿಡದ ಒಂದೇ ಒಂದು ಎಲೆ ಕೊಟ್ಟಿದ್ದಳು. ಅದರ ಹಿಂಬದಿಯ ದಪ್ಪ ನರಗಳನ್ನು ಬ್ಲೇಡಿನಿಂದ ಅಲ್ಲಲ್ಲಿ ಕೊಯ್ದು, ಒದ್ದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಒತ್ತಿಟ್ಟೆ. ಕೊಯ್ದ ಕಡೆ ಪುಟ್ಟ ಪುಟ್ಟ ಗಿಡ ಎದ್ದವು. ಒಂದೇ ಎಲೆಯ ಮಕ್ಕಳು, ಅದಕ್ಕೇ ಎಲ್ಲದಕ್ಕೂ ಒಂದೇ ಬಣ್ಣ: ನಡುವೆ ಕಡು ನೇರಳೆ, ಸುತ್ತ ಬೆಳ್ಳಿ ಪಟ್ಟಿ. ಥೇಟ್ ಇಳಕಲ್ ಸೀರೆಯ ಗತ್ತು.

ಮೊದಲ ಮಳೆಗಾಲದಲ್ಲಿ ಎರಡನ್ನು ನಾನೇ ಕೊಂದೆ. ಧಾರವಾಡದ ಜಿಟಿಜಿಟಿ ಮಳೆ ಸಾಲದು ಅಂತ ದಿನಾ ನೀರು ಬೇರೆ ಹಾಕಿದೆ. ಇದರ ಗಡ್ಡೆಯಂಥ ಕಾಂಡ ಮಣ್ಣಿನ ಮೇಲೇ ಹರಡುತ್ತದೆ, ನೀರು ಜಾಸ್ತಿಯಾದರೆ ಕೊಳೆಯುತ್ತದೆ. ಎಲೆಗೆ ಬಿಳಿ ಬೂದಿರೋಗವೂ ಬಂತು. ಈಗ ಮೇಲ್ಮಣ್ಣು ಒಣಗಿದೆಯಾ ಅಂತ ಬೆರಳಿಟ್ಟು ನೋಡಿಯೇ ನೀರು. ಅಗಲವಾದ, ಆಳವಿಲ್ಲದ ಕುಂಡ. ಕಿಟಕಿಯ ಬೆಳಕು ಬೇಕು, ನೇರ ಬಿಸಿಲು ಬೇಡ. ಏಪ್ರಿಲ್‌ನ ಒಣ ಗಾಳಿಗೆ ಎಲೆಯ ಅಂಚು ಸುಟ್ಟೇ ಸುಡುತ್ತದೆ, ಸುತ್ತ ತೇವ ಇರಲಿ ಅಂತ ಕುಂಡದ ಕೆಳಗೆ ನೀರು-ಬೆಣಚುಕಲ್ಲಿನ ತಟ್ಟೆ ಇಡುತ್ತೇನೆ.

ಅಸ್ಸಾಂ ಕಡೆಯ ತಂಪು ಕಾಡಿನ ಗಿಡ ಇದು. ರೆಕ್ಸ್ ಅಂದರೆ ಲ್ಯಾಟಿನ್‌ನಲ್ಲಿ ರಾಜ.

ಅವ್ವನಿಗೆ ಮಾತ್ರ ಸಮಾಧಾನವಿಲ್ಲ. "ದೇವರಿಗೆ ಏರ್ಸಾಕ ಒಂದ್ ಹೂವಿಲ್ಲ, ಇದಕ್ಯಾಕವಾ ಇಷ್ಟ್ ಉಪಚಾರ?" ಅನ್ನುತ್ತಾಳೆ. ನಿಜ ಹೇಳಬೇಕಂದರೆ ಗುಲಾಬಿ ಬಣ್ಣದ ಸಣ್ಣ ಹೂವು ಬಿಡುತ್ತದೆ, ನಾನೇ ಚಿವುಟಿ ಹಾಕುತ್ತೇನೆ. ಅದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.